ಇಂಪ್ಲಾಂಟ್ ಹಲ್ಲು: ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಕಳೆದ ತಿಂಗಳು ಶ್ರೀಮಠದ ಆವರಣದಲ್ಲಿ ನಡೆದ ಉಚಿತ ತಪಾಸಣಾ ಶಿಬಿರಕ್ಕೆ ಬಂದಿದ್ದ ಹಿರಿಯ ತಾಯಿಯೊಬ್ಬರು ಸೆರಗಿನ ತುದಿಯ ಗಂಟನ್ನು ಬಿಚ್ಚಿ ಒಂದು ಪುಟ್ಟ ಲೋಹದ ತಿರುಪನ್ನು ನನ್ನ ಮೇಜಿನ ಮೇಲಿಟ್ಟರು. ಐದು ವಾರಗಳ ಹಿಂದೆ ಅವರ ಕೆಳದವಡೆಯಲ್ಲಿ ಕೂರಿಸಿದ್ದ ಇಂಪ್ಲಾಂಟ್ ಅದು. ಹಿಂದಿನ ದಿನ ರೊಟ್ಟಿ ಅಗಿಯುವಾಗ ಅಲುಗಾಡಿ ಕೈಗೇ ಬಂದಿತ್ತು. ಮಗನು ಎರಡು ವರ್ಷ ಕೂಡಿಟ್ಟ ಹಣದಿಂದ ಮಾಡಿಸಿದ ಚಿಕಿತ್ಸೆ. ‘ವಾರದಾಗ ನೋವು ಹೋಗಿತ್ರೀ, ಎಲ್ಲಾ ಸರಿ ಆತು ಅಂದ್ಕೊಂಡೆ’ ಎಂದರು. ನೋವು ನಿಂತ ದಿನವೇ ಎಲೆ, ಅಡಿಕೆ, ಸುಣ್ಣ, ತಂಬಾಕು, ಖಡಕ್ ರೊಟ್ಟಿ ಎಲ್ಲವೂ ಮರಳಿ ಬಂದಿದ್ದವು. ಈ ತಿಂಗಳ ಲೇಖನಕ್ಕೆ ಆ ತಾಯಿಯೇ ಕಾರಣ.

ನಾನು ದಂತವೈದ್ಯನಲ್ಲ. ಆದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಗೆ ಬಂದ ಮೇಲೆ ಮೊದಲು ಕೇಳುವುದು ಪರಿಚಯದ ಆಯುರ್ವೇದ ವೈದ್ಯರನ್ನೇ. ಲವಂಗದ ಎಣ್ಣೆ ಹಚ್ಚಬಹುದೇ, ಎಳ್ಳೆಣ್ಣೆ ಮುಕ್ಕಳಿಸಬಹುದೇ ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವುದು ನಮ್ಮ ಹೊಣೆ.

ಮೊದಲು ದವಡೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯೋಣ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಉಪಕರಣವನ್ನಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆಯು ಲೋಹವನ್ನು ತನ್ನದೇ ಎಂಬಂತೆ ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಇದೇ ತತ್ತ್ವದಿಂದ ಮನುಷ್ಯನ ದವಡೆಯಲ್ಲಿ ಮೊದಲ ಬಾರಿಗೆ ಹಲ್ಲಿನ ಬೇರುಗಳನ್ನು ನೆಟ್ಟರು. ಸುಶ್ರುತಾಚಾರ್ಯರು ಅಸ್ಥಿಗಳನ್ನು ಐದು ಬಗೆಯಾಗಿ ವಿಂಗಡಿಸಿ ಹಲ್ಲುಗಳನ್ನು ‘ರುಚಕ’ ಎಂಬ ಬಗೆಯಲ್ಲಿ ಸೇರಿಸಿದ್ದಾರೆ. ಹಲ್ಲಿನ ಮಾತು ಮೂಳೆಯ ಮಾತೇ ಆಗಿದೆ ಎಂಬುದು ಇಂಪ್ಲಾಂಟಿನ ವಿಷಯದಲ್ಲಂತೂ ಅಕ್ಷರಶಃ ನಿಜ.

ಈ ಅಪ್ಪುಗೆ ಒಂದೆರಡು ವಾರಗಳಲ್ಲಿ ಆಗುವಂಥದ್ದಲ್ಲ. ಸಾಮಾನ್ಯವಾಗಿ ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಯಲ್ಲಿ 4ರಿಂದ 6 ತಿಂಗಳು ಬೇಕು. ಗೋಡೆಗೆ ಬಿಗಿದ ತಿರುಪಿನಂತೆ ಮೊದಲ ದಿನ ಇಂಪ್ಲಾಂಟ್ ಕೇವಲ ಬಿಗಿತದ ಬಲದಿಂದ ನಿಂತಿರುತ್ತದೆ. ಅನಂತರ ಸುತ್ತಲಿನ ಹಳೆಯ ಮೂಳೆ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ, ಹೊಸ ಮೂಳೆ ಬೆಳೆಯುತ್ತದೆ. ಹಳೆಯದು ಸಡಿಲಗೊಂಡು ಹೊಸದು ಇನ್ನೂ ಗಟ್ಟಿಯಾಗದ 2ರಿಂದ 4ನೆಯ ವಾರದ ಅವಧಿಯಲ್ಲಿ ಹಿಡಿತ ಅತ್ಯಂತ ಕಡಿಮೆ. ವಿಚಿತ್ರವೆಂದರೆ ನೋವು, ಬಾವು ಮಾಯವಾಗಿ ರೋಗಿಯು ನಿಶ್ಚಿಂತನಾಗುವುದೂ ಅದೇ ಹೊತ್ತಿನಲ್ಲಿ! ಒಸಡು ಕೂಡಿತು ಎಂದ ಮಾತ್ರಕ್ಕೆ ಮೂಳೆ ಕೂಡಿತು ಎಂದಲ್ಲ. ಆ ತಾಯಿ ಎಡವಿದ್ದು ಇಲ್ಲಿಯೇ.

ಮೊದಲ 24 ಗಂಟೆಗಳಲ್ಲಿ ಗಾಯದ ಮೇಲೆ ಕಟ್ಟುವ ರಕ್ತದ ಹೆಪ್ಪನ್ನು ಕಾಪಾಡುವುದೇ ಮುಖ್ಯ ಕೆಲಸ. ವೈದ್ಯರು ಇಟ್ಟ ಹತ್ತಿಬಟ್ಟೆಯನ್ನು ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ, ಮೆಲ್ಲಗೆ ಕಚ್ಚಿ ಹಿಡಿಯಬೇಕು. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು. ಹೀರುವ ಮತ್ತು ಉಗುಳುವ ಎಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ. ಎಂಜಲಿನಲ್ಲಿ ಕೆಂಪು ಬಣ್ಣ ಕಂಡರೆ ಗಾಬರಿ ಬೇಡ, ನುಂಗಿಬಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗಡೆ 15 ನಿಮಿಷ ಇಡುವುದು, 15 ನಿಮಿಷ ಬಿಡುವುದು. ರಾತ್ರಿ ಎರಡು ದಿಂಬಿನ ಮೇಲೆ ತಲೆಯಿಟ್ಟು ಮಲಗಿದರೆ ಬಾವು ತಗ್ಗುತ್ತದೆ. ಬಾವು ಎರಡನೆಯ ಮೂರನೆಯ ದಿನಕ್ಕೆ ಹೆಚ್ಚಾಗಿ ನಂತರ ಇಳಿಯುವುದು ಸಹಜ.

ಎರಡನೆಯ ದಿನದಿಂದ, ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಊಟದ ನಂತರ ಬಾಯಿಯಲ್ಲಿ ತುಂಬಿಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ, ತಾನಾಗಿ ಹೊರಬೀಳುವಂತೆ ಬಿಡಬೇಕು. ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಮಾತ್ರ ಬಳಸಿ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹತ್ತುತ್ತದೆ. ಉಳಿದ ಹಲ್ಲುಗಳನ್ನು ಮೃದು ಬ್ರಷ್‌ನಿಂದ ಎಂದಿನಂತೆ ಉಜ್ಜಬೇಕು, ಗಾಯದ ಜಾಗವನ್ನು ಮಾತ್ರ ಬಿಡಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಮೂರು ವರ್ಷಗಳ ಹಿಂದೆ ನನಗೂ ಎಡಗಡೆಯ ಕೆಳದವಡೆಗೆ ಇಂಪ್ಲಾಂಟ್ ಹಾಕಿದರು. ನಲವತ್ತು ವರ್ಷ ಇತರರಿಗೆ ಗಂಡೂಷ ಹೇಳಿಕೊಟ್ಟವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ನಾಲ್ಕನೆಯ ದಿನ ಬೆಳಿಗ್ಗೆ ಎಳ್ಳೆಣ್ಣೆ ತುಂಬಿಕೊಂಡು ಹಳೆಯ ಅಭ್ಯಾಸದಂತೆ ಜೋರಾಗಿಯೇ ಆಡಿಸಿದೆ. ಸಂಜೆಗೆ ಹೊಲಿಗೆಯೊಂದು ಸಡಿಲವಾಗಿ ರಕ್ತ ಜಿನುಗತೊಡಗಿತು. ನನ್ನ ವಿದ್ಯಾರ್ಥಿಯ ವಯಸ್ಸಿನ ದಂತವೈದ್ಯೆಯ ಎದುರು ತಲೆತಗ್ಗಿಸಿ ಕುಳಿತುಕೊಳ್ಳಬೇಕಾಯಿತು. ಬಾಯಿ ತುಂಬಿಕೊಂಡು ಅಲುಗಾಡಿಸದೆ ಹಿಡಿಯುವುದು ಗಂಡೂಷ, ಆಡಿಸುವುದು ಕವಲ ಎಂಬ ಭೇದವನ್ನೂ ಆ ದಿನ ಮರೆತಿದ್ದೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 7ರಿಂದ 10 ದಿನ, ಎರಡೂ ಬೇಡ. ಆಮೇಲೂ ದಂತವೈದ್ಯರು ಒಪ್ಪಿದರೆ ಮಾತ್ರ.

ಲವಂಗದ ಎಣ್ಣೆಯನ್ನು ತೆರೆದ ಗಾಯಕ್ಕೆ ಹಚ್ಚಬೇಡಿ. ಅದು ಹಸಿ ಒಸಡನ್ನು ಸುಡುತ್ತದೆ. ಅರಿಶಿನದ ಪುಡಿಯನ್ನು ಒತ್ತುವುದೂ ಬೇಡ, ಅದರ ಕಣಗಳು ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಬೇವಿನ ಕಡ್ಡಿ ಆ ಕಡೆಗೆ ಸುಳಿಯಬಾರದು. ನಮ್ಮ ಔಷಧಗಳ ಬಗೆಗಿನ ಗೌರವದಿಂದಲೇ ಈ ಮಾತು ಹೇಳುತ್ತಿದ್ದೇನೆ. ಕಾಲವರಿಯದೆ ಬಳಸಿದ ಮದ್ದು ಮದ್ದಾಗುವುದಿಲ್ಲ. ನೀವು ಸೇವಿಸುವ ಕಷಾಯ, ಗುಗ್ಗುಳು, ಚೂರ್ಣಗಳ ಹೆಸರನ್ನು ದಂತವೈದ್ಯರಿಗೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಏಕೆಂದರೆ ಅವುಗಳಲ್ಲಿ ಕೆಲವು ದವಡೆಯ ಮೂಳೆ ಮಾಯುವುದನ್ನು ತಡೆಯುತ್ತವೆ. ಆಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಪೂರ್ತಿ ಮುಗಿಸಿ.

ಆಹಾರದ ವಿಷಯಕ್ಕೆ ಬಂದರೆ, ಮೊದಲ ದಿನ ತಣಿದ ಗಂಜಿ, ಮಜ್ಜಿಗೆ, ಆರಿದ ರಾಗಿ ಅಂಬಲಿ. ಮರುದಿನದಿಂದ ಮೆತ್ತಗಿನ ಮೊಸರನ್ನ, ಬೇಳೆಯ ಕಟ್ಟು, ಚೆನ್ನಾಗಿ ಬೆಂದ ಹೆಸರುಬೇಳೆ ಕಿಚಡಿ, ಬಾಳೆಹಣ್ಣು. ಬೇಳೆ, ಹಾಲು, ಮೊಸರು ಬಿಡಬಾರದು. ಮೂಳೆ ಕಟ್ಟಲು ಸಾಮಗ್ರಿ ಬೇಕಲ್ಲವೇ? ಮೊಸರನ್ನಕ್ಕೆ ಸಾಸಿವೆಯ ಒಗ್ಗರಣೆ ಬೇಡ. ಸಾಸಿವೆ, ಎಳ್ಳು, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಇವುಗಳ ಕಣಗಳು ಗಾಯದೊಳಗೆ ಕುಳಿತರೆ ತೆಗೆಯುವುದು ಕಷ್ಟ. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲ ಎನ್ನುವವರು ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ, ಎರಡನೆಯ ವಾರದಿಂದ ಇನ್ನೊಂದು ಬದಿಯಲ್ಲಿ ಅಗಿಯಬಹುದು. ಖಡಕ್ ರೊಟ್ಟಿ, ಚಕ್ಕುಲಿ, ಕಬ್ಬು ಇವಕ್ಕೆ ದಂತವೈದ್ಯರು ಮೇಲಿನ ಹಲ್ಲನ್ನು ಕೂರಿಸುವವರೆಗೆ ಆ ಬದಿಯಲ್ಲಿ ಜಾಗವಿಲ್ಲ. ಜಾತ್ರೆಯ ದಾಸೋಹದಲ್ಲಿ ಕುಳಿತಾಗಲೂ ಇದು ನೆನಪಿರಲಿ. ಪ್ರಸಾದದಲ್ಲಿ ಮೆತ್ತಗಿನ ಅನ್ನ, ಪಾಯಸ ಇದ್ದೇ ಇರುತ್ತವೆ.

ತಂಬಾಕಿನ ಬಗ್ಗೆ ನನಗೆ ರಾಜಿಯಿಲ್ಲ. ಬೀಡಿ, ಸಿಗರೇಟು ರಕ್ತನಾಳಗಳನ್ನು ಕುಗ್ಗಿಸಿ ಮೂಳೆಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಧೂಮಪಾನಿಗಳಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವ ಹೆಚ್ಚು. ಗುಟ್ಕಾ, ಸುಣ್ಣ ಬೆರೆಸಿದ ತಂಬಾಕು ಹಸಿ ಒಸಡನ್ನು ನೇರವಾಗಿ ಸುಡುತ್ತವೆ. ಮಧುಮೇಹ ಹತೋಟಿಯಲ್ಲಿಲ್ಲದವರಿಗೂ ಮಾಯುವಿಕೆ ನಿಧಾನ. ಆದುದರಿಂದ ಚಿಕಿತ್ಸೆಗೆ ಮುನ್ನವೇ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ.

ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಕಪಾಲಭಾತಿ, ಶೀರ್ಷಾಸನ, ಭಾರ ಎತ್ತುವ ಕೆಲಸಗಳನ್ನು ಒಂದು ವಾರ ಬಿಡಬೇಕು. ಮೇಲ್ದವಡೆಯ ಹಿಂಭಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರು ಮೂಗನ್ನು ಬಲವಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಅಲ್ಲಿ ಹಲ್ಲಿನ ಬೇರಿಗೂ ಮೂಗಿನ ಪಕ್ಕದ ಗಾಳಿಗೂಡಿಗೂ ನಡುವೆ ತೆಳುವಾದ ಮೂಳೆ ಮಾತ್ರ ಇರುತ್ತದೆ. ಹಳೆಯ ಕಟ್ಟುಹಲ್ಲಿನ ಸೆಟ್ಟನ್ನು ವೈದ್ಯರು ಸರಿಪಡಿಸಿ ಕೊಡುವವರೆಗೆ ಗಾಯದ ಮೇಲೆ ಹಾಕಬೇಡಿ.

ಒಂದು ಗಂಟೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರು ದಿನಗಳ ನಂತರವೂ ಬಾವು ಏರುತ್ತಲೇ ಇದ್ದರೆ, ಜ್ವರ ಅಥವಾ ಕೀವು ಕಂಡರೆ, ಅರಿವಳಿಕೆ ಇಳಿಯಬೇಕಾದ ಹೊತ್ತು ಕಳೆದರೂ ತುಟಿ, ಗದ್ದ ಜೋಮು ಹಿಡಿದಂತಿದ್ದರೆ, ನೀರು ಕುಡಿದಾಗ ಮೂಗಿನಿಂದ ಬಂದರೆ ಅದೇ ದಿನ ದಂತವೈದ್ಯರ ಬಳಿ ಹೋಗಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ. ಇಂಪ್ಲಾಂಟ್ ಅಲುಗಾಡಿದಂತೆ ಅನಿಸಿದರೆ ಬೆರಳಿನಿಂದ ಪರೀಕ್ಷಿಸುತ್ತಾ ಕೂರಬೇಡಿ.

ಹಲ್ಲು ಕೂತ ಮೇಲೆಯೂ ಆರೈಕೆ ಉಂಟು. ಇಂಪ್ಲಾಂಟ್ ಹುಳುಕಾಗದು ನಿಜ, ಆದರೆ ಅದರ ಸುತ್ತಲಿನ ಒಸಡು ಮತ್ತು ಮೂಳೆ ರೋಗಕ್ಕೆ ತುತ್ತಾಗುತ್ತವೆ. ಸಹಜ ಹಲ್ಲಿನ ಬೇರಿನ ಸುತ್ತ ಇರುವ ನಾರಿನ ಪದರ ಇದಕ್ಕಿಲ್ಲವಾದ್ದರಿಂದ ಸೋಂಕು ಬೇಗ ಆಳಕ್ಕಿಳಿಯುತ್ತದೆ, ನೋವು ಮಾತ್ರ ತಡವಾಗಿ ತಿಳಿಯುತ್ತದೆ. ಬ್ರಷ್ ಮಾಡುವಾಗ ರಕ್ತ ಬಂದರೆ ಅದನ್ನೇ ಮೊದಲ ಎಚ್ಚರಿಕೆಯೆಂದು ತಿಳಿಯಿರಿ. ಸಂದುಗಳಿಗೆಂದೇ ದೊರೆಯುವ ಸಣ್ಣ ಬ್ರಷ್‌ನಿಂದ ದಿನಕ್ಕೊಮ್ಮೆ ಶುಚಿ ಮಾಡಿ, ಆರು ತಿಂಗಳಿಗೊಮ್ಮೆ ತೋರಿಸಿ.

ಆ ತಾಯಿಯನ್ನು ಅವರ ದಂತವೈದ್ಯರ ಬಳಿಗೇ ಮರಳಿ ಕಳುಹಿಸಿದೆ. ಗಾಯ ಮಾಯ್ದು ಮೂಳೆ ತುಂಬಿಕೊಂಡ ಮೇಲೆ, ಕೆಲವು ತಿಂಗಳ ನಂತರ, ಇನ್ನೊಮ್ಮೆ ಪ್ರಯತ್ನಿಸಬಹುದು ಎಂದು ಅವರು ಹೇಳಿದ್ದಾರಂತೆ. ಮೊನ್ನೆ ಅಮಾವಾಸ್ಯೆಗೆ ಮಠಕ್ಕೆ ಬಂದಾಗ ತಾಯಿ ನನ್ನ ಮುಂದೆ ಸಂಚಿ ಬಿಚ್ಚಿ ತೋರಿಸಿದರು. ತಂಬಾಕು ಇರಲಿಲ್ಲ. ಅಡಿಕೆ ಇನ್ನೂ ಎರಡು ಹೋಳು ಉಳಿದಿತ್ತು.