ಕಚ್ಚಾ ಚಿತ್ರ ಲೆಟರ್‌ಹೆಡ್ ಸೇರುವ ಬಗೆ

ಕ್ಯಾಮೆರಾದ ಸೆನ್ಸರ್ ಗ್ರಹಿಸಿದ ಬೆಳಕಿನ ಲೆಕ್ಕವನ್ನು ಬಣ್ಣ, ಹೊಳಪು ತಿದ್ದದೆ ಉಳಿಸಿಕೊಂಡ ಕಡತಕ್ಕೆ 'ರಾ' ಕಡತ, ಅಂದರೆ ಕಚ್ಚಾ ಚಿತ್ರ ಎಂದು ಹೆಸರು. ಕ್ಯಾನನ್ ಇದನ್ನು ಸಿಆರ್2 ಅಥವಾ ಸಿಆರ್3, ನಿಕಾನ್ ಎನ್‌ಇಎಫ್, ಸೋನಿ ಎಆರ್‌ಡಬ್ಲ್ಯು ಎಂಬ ರೂಪದಲ್ಲಿ ಉಳಿಸುತ್ತದೆ. ವರ್ಡ್ ಟೆಂಪ್ಲೇಟ್ ಬೇರೆಯೇ ಜಾತಿಯದು: ಅದು ಪತ್ರ, ಪ್ರಮಾಣಪತ್ರ, ಆಮಂತ್ರಣಗಳನ್ನು ಮತ್ತೆ ಮತ್ತೆ ತಯಾರಿಸಲು ಇಟ್ಟುಕೊಳ್ಳುವ ಪುಟದ ಅಚ್ಚು. ಒಂದನ್ನು ಇನ್ನೊಂದಾಗಿ ನೇರವಾಗಿ ಬದಲಿಸಲು ಬರುವುದಿಲ್ಲ. ಕಚ್ಚಾ ಕಡತವನ್ನು ಮೊದಲು ಸಾಮಾನ್ಯ ಚಿತ್ರವಾಗಿಸಿ, ಆಮೇಲೆ ಅಚ್ಚಿನಲ್ಲಿ ಕೂರಿಸಬೇಕು.

ಕಚ್ಚಾ ಕಡತದಲ್ಲಿರುವುದು ಇನ್ನೂ ಪೂರ್ಣ ಚಿತ್ರವಲ್ಲ. ಬಹುತೇಕ ಸೆನ್ಸರ್‌ಗಳಲ್ಲಿ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣವನ್ನು ಅಳೆಯುತ್ತದೆ. ಅರ್ಧದಷ್ಟು ಬಿಂದು ಹಸಿರಿಗೆ, ಉಳಿದರ್ಧ ಕೆಂಪು–ನೀಲಿಗೆ ಸಮಪಾಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಅಂದಾಜಿಸಿ ತುಂಬಿದಾಗಲೇ ಚಿತ್ರ ಮೂಡುತ್ತದೆ. 14 ಬಿಟ್‌ನ ಕಚ್ಚಾ ಕಡತ ಬೆಳಕಿನ 16,384 ಮಟ್ಟಗಳನ್ನು ಗುರುತಿಸಬಲ್ಲದು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟ ಮಾತ್ರ. ಆದ್ದರಿಂದ ಹೊಳಪು, ಬಣ್ಣಗಳ ತಿದ್ದುಪಡಿಯೆಲ್ಲ ಜೆಪೆಗ್ ಮಾಡುವುದಕ್ಕೆ ಮೊದಲೇ ಮುಗಿಯಬೇಕು.

ಈ ಕೆಲಸಕ್ಕೆ ಕ್ಯಾಮೆರಾ ಕಂಪನಿಗಳ ತಂತ್ರಾಂಶಗಳಿವೆ. ಡಾರ್ಕ್‌ಟೇಬಲ್, ರಾಥೆರಪಿ ಉಚಿತವಾಗಿಯೇ ಸಿಗುತ್ತವೆ. ತಿದ್ದಿ ಮುಗಿದ ಚಿತ್ರವನ್ನು ಬೇಕಾದಷ್ಟು ಕತ್ತರಿಸಿ, ಎಸ್‌ಆರ್‌ಜಿಬಿ ಬಣ್ಣಪದ್ಧತಿಯಲ್ಲಿ ಜೆಪೆಗ್ ಆಗಿ ಉಳಿಸಬೇಕು. ಅಳತೆಯನ್ನು ಇಲ್ಲೇ ನಿರ್ಧರಿಸುವುದು ಒಳ್ಳೆಯದು. ಶಾಲೆಯೊಂದರ ಲೆಟರ್‌ಹೆಡ್ ತಲೆಪಟ್ಟಿಗೆ ಕಟ್ಟಡದ ಫೋಟೊ ಬೇಕು ಎನ್ನೋಣ. ಎ4 ಹಾಳೆಯ ಅಗಲ 210 ಮಿ.ಮೀ.; ಎರಡೂ ಬದಿ 20 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 170. ಪಟ್ಟಿಯ ಎತ್ತರ 30 ಮಿ.ಮೀ. ಇದ್ದರೆ, ಇಂಚಿಗೆ 300 ಬಿಂದುಗಳ ಮುದ್ರಣಕ್ಕೆ ಸುಮಾರು 2,000 × 350 ಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6,000 × 4,000 ಪಿಕ್ಸೆಲ್ ಇರುತ್ತದೆ. ಅದನ್ನು ಕುಗ್ಗಿಸದೆ ಸೇರಿಸಿದರೆ ಕಡತ ಸುಮ್ಮನೆ ಭಾರವಾಗುತ್ತದೆ.

ಮುಂದಿನದು ವರ್ಡ್‌ನ ಕೆಲಸ. ಹೊಸ ದಾಖಲೆ ತೆರೆದು, ಎ4 ಅಳತೆ ಆರಿಸಿ, ಪುಟದ ಮೇಲಂಚಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಹೆಡರ್ ತೆರೆದುಕೊಳ್ಳುತ್ತದೆ. ಚಿತ್ರವನ್ನು ಅಲ್ಲಿಟ್ಟರೆ ಪ್ರತಿ ಪುಟದಲ್ಲೂ ಅದು ಬರುತ್ತದೆ, ಬರೆಯುವಾಗ ಜರುಗುವುದಿಲ್ಲ. ವರ್ಡ್ ಚಿತ್ರಗಳನ್ನು ತಾನಾಗಿಯೇ ಕುಗ್ಗಿಸುವುದರಿಂದ, ಅದನ್ನು ತಡೆಯುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಮೊದಲೇ ಗುರುತು ಮಾಡಿರಬೇಕು. ಕನ್ನಡ ಅಕ್ಷರಗಳಿಗೆ ಯೂನಿಕೋಡ್ ಫಾಂಟ್ ಬಳಸಿದರೆ ಬೇರೆ ಕಂಪ್ಯೂಟರಿನಲ್ಲೂ ಬರಹ ಓದಲು ಬರುತ್ತದೆ. ಕೊನೆಗೆ 'ಸೇವ್ ಆ್ಯಸ್' ಒತ್ತಿ, ಕಡತದ ಬಗೆಯಲ್ಲಿ 'ವರ್ಡ್ ಟೆಂಪ್ಲೇಟ್' ಆರಿಸಬೇಕು. 2007ರಿಂದ ಈಚಿನ ವರ್ಡ್‌ನಲ್ಲಿ ಅದು ಡಿಒಟಿಎಕ್ಸ್, ಹಳೆಯದರಲ್ಲಿ ಡಿಒಟಿ, ಲಿಬ್ರೆಆಫೀಸ್‌ನಲ್ಲಿ ಒಟಿಟಿ. ಹೀಗೆ ಉಳಿಸಿದ ಅಚ್ಚಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಹೆಸರಿಲ್ಲದ ಹೊಸ ಪತ್ರ ತೆರೆಯುತ್ತದೆ. ಅಚ್ಚು ಹಾಗೇ ಉಳಿಯುತ್ತದೆ.

ಡಿಒಟಿಎಕ್ಸ್ ಎಂಬುದು ವಾಸ್ತವದಲ್ಲಿ ಒಂದು ಜಿಪ್ ಗಂಟು. ಅದರ ನಕಲೊಂದನ್ನು ಮಾಡಿಕೊಂಡು, ನಕಲಿನ ಹೆಸರಿನ ಕೊನೆಯನ್ನು 'ಜಿಪ್' ಎಂದು ಬದಲಿಸಿ ಬಿಚ್ಚಿದರೆ, 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಚಿತ್ರ ಕಾಣುತ್ತದೆ. ಅಲ್ಲಿರುವುದು ಜೆಪೆಗ್, ಕಚ್ಚಾ ಕಡತದ ಮಾಹಿತಿ ಅದರಲ್ಲಿಲ್ಲ. ಕಚ್ಚಾ ಚಿತ್ರವನ್ನು ಒಂದೇ ಕ್ಲಿಕ್ಕಿಗೆ ಟೆಂಪ್ಲೇಟ್ ಮಾಡಿಕೊಡುವ ಸೇವೆಗಳೂ ಇದಕ್ಕಿಂತ ಹೆಚ್ಚೇನೂ ಮಾಡಲಾರವು: ಬಣ್ಣದ ನಿರ್ಧಾರ ಯಂತ್ರದ್ದಾಗುತ್ತದೆ, ಚಿತ್ರ ಬೇರೆಯವರ ಸರ್ವರ್ ಸೇರುತ್ತದೆ. ಫೋಟೊದಲ್ಲಿ ಅಚ್ಚಾದ ಪಠ್ಯವಿದ್ದು ಅದನ್ನು ತಿದ್ದುವಂತಾಗಬೇಕಾದರೆ, ಕನ್ನಡವನ್ನೂ ಓದಬಲ್ಲ ಟೆಸೆರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಅದರ ಫಲಿತಾಂಶವನ್ನು ಮೂಲದೊಂದಿಗೆ ಹೋಲಿಸಿ ತಿದ್ದಲೇಬೇಕು.

ಟೆಂಪ್ಲೇಟ್‌ನಿಂದ ಕಚ್ಚಾ ಚಿತ್ರವನ್ನು ಮರಳಿ ಪಡೆಯಲಾಗದು. ಅಚ್ಚು ಸಿದ್ಧವಾದ ಮೇಲೂ ಮೂಲ ಕಡತವನ್ನು ಬೇರೆಡೆ ಜೋಪಾನವಾಗಿ ಇಟ್ಟಿರಬೇಕು.