‘ವಿಕ್ಟೋರಿಯ’ ಎಂಬ ಹೆಸರಿನ ಪೂರ್ವವೃತ್ತ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನಿಗೆ ‘ವಿ. ಟಿ.’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬೋರಿಬಂದರದ ಆ ಭವ್ಯ ನಿಲ್ದಾಣಕ್ಕೆ 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರನ್ನಿಟ್ಟರೂ ಹಳಬರ ಬಾಯಲ್ಲಿ ಅದಿನ್ನೂ ವಿ. ಟಿ.ಯೇ. ಅದರೊಳಗಿನ ‘ವಿ’ ವಿಕ್ಟೋರಿಯ ರಾಣಿಯದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಹೆಸರು ರಾಣಿಗೆ ಬಂದುದೆಲ್ಲಿಂದ, ಅದರ ಅರ್ಥವೇನು ಎಂದು ವಿಚಾರಿಸಿದವರು ವಿರಳ.

ಲ್ಯಾಟಿನ್ ಭಾಷೆಯಲ್ಲಿ ‘ವಿಂಕೆರೆ’ ಎಂದರೆ ಗೆಲ್ಲುವುದು. ಗೆದ್ದವನು ‘ವಿಕ್ಟರ್’, ಗೆಲವು ‘ವಿಕ್ಟೋರಿಯ’. ರೋಮನರು ಈ ಗೆಲವನ್ನೇ ರೆಕ್ಕೆಗಳುಳ್ಳ ದೇವತೆಯೆಂದು ಭಾವಿಸಿ ಪೂಜಿಸಿದರು. ಕ್ರಿ. ಪೂ. 294ರಲ್ಲಿ ರೋಮಿನ ಪ್ಯಾಲಟೈನ್ ಗುಡ್ಡದ ಮೇಲೆ ಅವಳಿಗೊಂದು ಗುಡಿಯಾಯಿತು. ಕ್ರಿ. ಪೂ. 29ರಲ್ಲಿ ಆಗಸ್ಟಸನು ಅವಳ ವಿಗ್ರಹವನ್ನು ಸೆನೆಟ್ ಸಭಾಗೃಹದಲ್ಲಿ ಸ್ಥಾಪಿಸಿದನು. ಕ್ರೈಸ್ತಮತವು ಪ್ರಬಲವಾದ ಬಳಿಕ, ಕ್ರಿ. ಶ. 382ರಲ್ಲಿ, ಗ್ರೇಷಿಯನ್ ಚಕ್ರವರ್ತಿಯು ಅವಳ ಪೂಜಾವೇದಿಕೆಯನ್ನು ಅಲ್ಲಿಂದ ತೆಗೆಸಿಬಿಟ್ಟನು. ಅದನ್ನು ಮರಳಿ ಇರಿಸಬೇಕೆಂದು ಸಿಮ್ಮಾಕಸನೆಂಬ ಅಧಿಕಾರಿ 384ರಲ್ಲಿ ಮಾಡಿಕೊಂಡ ಬಿನ್ನಹವು ಫಲಿಸಲಿಲ್ಲ.

ದೇವತೆ ಹೋದಳು, ಹೆಸರು ಹೋಗಲಿಲ್ಲ. ಪಾಪದ ಮೇಲೆ, ಸಾವಿನ ಮೇಲೆ ದೊರೆಯುವ ಜಯವೆಂಬ ಹೊಸ ಅರ್ಥವನ್ನು ತುಂಬಿ ಕ್ರೈಸ್ತರು ಅದನ್ನು ತಮ್ಮದಾಗಿಸಿಕೊಂಡರು. ನಮ್ಮ ಮಂಗಳೂರಿನ ಕಡೆಯ ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ವಿಕ್ಟರ್, ವಿನ್ಸೆಂಟ್ ಎಂಬ ಹೆಸರುಗಳೂ ಇದೇ ಧಾತುವಿನ ಕುಡಿಗಳು.

ಇಂಗ್ಲೆಂಡಿನಲ್ಲಿ ಮಾತ್ರ ಈ ಹೆಸರು ಬಹುಕಾಲ ಅಪರೂಪವಾಗಿತ್ತು. 1819ರಲ್ಲಿ ಜನಿಸಿದ ರಾಜಕುಮಾರಿಗೆ ರಷ್ಯದ ಚಕ್ರವರ್ತಿ ಅಲೆಕ್ಸಾಂಡರನ ಹೆಸರಿನಿಂದ ‘ಅಲೆಕ್ಸಾಂಡ್ರಿನ’ ಎಂದೂ, ಜರ್ಮನ್ ದೇಶದವಳಾದ ತಾಯಿಯ ಹೆಸರಿನಿಂದ ‘ವಿಕ್ಟೋರಿಯ’ ಎಂದೂ ನಾಮಕರಣವಾಯಿತು. 1837ರಲ್ಲಿ ಪಟ್ಟವೇರಿದಾಗ ಅವಳು ಎರಡನೆಯದನ್ನೇ ಉಳಿಸಿಕೊಂಡಳು. 1901ರ ವರೆಗೆ ನಡೆದ ಆ ಆಳಿಕೆಯಲ್ಲಿ ಸರೋವರ, ಜಲಪಾತ, ಪಟ್ಟಣಗಳಿಗೆಲ್ಲ ಅದೇ ಹೆಸರಾಯಿತು. ಮುಂಬಯಿಯ ಬೀದಿಗಳಲ್ಲಿ ಓಡಾಡಿದ ಕುದುರೆಗಾಡಿಗೂ ಅದೇ, 1887ರಲ್ಲಿ ನಿಲ್ದಾಣಕ್ಕೂ ಅದೇ, 1900ರಲ್ಲಿ ತೆರೆದ ಬೆಂಗಳೂರಿನ ಆಸ್ಪತ್ರೆಗೂ ಅದೇ.

‘ವಿಕ್ಟೋರಿಯ’ವು ನಮ್ಮ ‘ವಿಜಯ’ದಿಂದಲೇ ಹುಟ್ಟಿತೆಂದು ಕೆಲವರು ವಾದಿಸುವುದುಂಟು. ಇದು ಸರಿಯಲ್ಲ. ‘ವಿಜಯ’ದಲ್ಲಿ ‘ವಿ’ ಉಪಸರ್ಗ, ‘ಜಿ’ ಧಾತು. ಲ್ಯಾಟಿನ್ ಪದದಲ್ಲಿಯ ‘ವಿ’ ಧಾತುವಿನದೇ ಅಂಗ. ಧ್ವನಿಯ ಹೋಲಿಕೆ ಆಕಸ್ಮಿಕ. ಅರ್ಥದಲ್ಲಿ ಮಾತ್ರ ನಮ್ಮ ಜಯಮ್ಮ, ವಿಜಯಲಕ್ಷ್ಮಿಯರೂ ವಿಕ್ಟೋರಿಯಳೂ ಅಕ್ಕತಂಗಿಯರೇ ಸರಿ.

ಅರಸಿಯ ಹೆಸರನ್ನು ನಿಲ್ದಾಣದ ಫಲಕದಿಂದ ಇಳಿಸುವುದು ಸ್ವತಂತ್ರ ದೇಶದ ಹಕ್ಕು. ಆದರೆ ವಿಕ್ಟೋರಿಯಳೆಂಬ ನೆರೆಮನೆಯ ಹುಡುಗಿಯನ್ನು ‘ಬ್ರಿಟಿಷ್ ರಾಣಿಯ ಹೆಸರೇನಮ್ಮ?’ ಎಂದು ಯಾರಾದರೂ ಹಂಗಿಸಿದರೆ ಆ ಮಾತು ಸಲ್ಲದು. ರಾಣಿ ಆ ಹೆಸರನ್ನು ಸೃಷ್ಟಿಸಿದವಳಲ್ಲ, ಅದನ್ನು ಹೊತ್ತವರಲ್ಲಿ ಒಬ್ಬಳು. ಗೆಲವನ್ನು ಹಾರೈಸಿ ಮಗಳಿಗೆ ಹೆಸರಿಡುವ ತಾಯ್ತಂದೆಯರ ಆಸೆಯಾದರೋ ಎಲ್ಲ ಸಾಮ್ರಾಜ್ಯಗಳಿಗಿಂತಲೂ ಹಳೆಯದು.