ಗುರುವಾರದ ಸೂಜಿ

ಗುರುವಾರ ಬೆಳಗ್ಗೆ ಹತ್ತು ದಾಟಿದೆ. ಅಂಗನವಾಡಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಒಂದು ಮಗು ಅಳು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಶುರು ಮಾಡುತ್ತದೆ. ಲಸಿಕೆಯ ಪೆಟ್ಟಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡ ಸಿಸ್ಟರ್ ಕಾರ್ಡು ನೋಡುತ್ತಿದ್ದರೆ, ಆಶಾ ಕಾರ್ಯಕರ್ತೆ ಹೆಸರು ಕೂಗುತ್ತಿದ್ದಾರೆ. ಒಂಬತ್ತು ತಿಂಗಳ ಮೊಮ್ಮಗಳನ್ನು ಮಡಿಲಲ್ಲಿ ಅವುಚಿಕೊಂಡ ಅಜ್ಜಿಗೆ ಸಿಟ್ಟು ಬಂದಿದೆ. "ಒಂದೇ ದಿನ ಎಷ್ಟು ಸೂಜಿ ಅಂತ ಚುಚ್ಚೀಯಮ್ಮ ಕೂಸಿಗೆ? ನಮಗೆಲ್ಲ ಯಾರು ಹಾಕಿದ್ರು?"

"ನಿಮ್ಮ ತೋಳು ಒಂದ್ಸಲ ನೋಡ್ಕೊಳ್ಳಿ ಅಜ್ಜಿ" ಎನ್ನುತ್ತಾರೆ ಸಿಸ್ಟರ್, ಕಾರ್ಡಿನಿಂದ ತಲೆ ಎತ್ತದೆ.

ರವಿಕೆಯ ತೋಳಿನ ಅಂಚಿಗೆ ಎರಡು ದುಂಡನೆಯ ಕಲೆಗಳಿವೆ. ಸಿಡುಬು ಬರದಿರಲೆಂದು ದಾಕು ಹಾಕಿದ ಗುರುತು ಅವು. ಪಕ್ಕದಲ್ಲಿ ನಿಂತ ಸೊಸೆಯ ತೋಳಿನಲ್ಲಿ ಆ ಗುರುತಿಲ್ಲ. ಬದಲಿಗೆ ಎಡತೋಳಿನ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಅಗಲದ, ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಕಲೆ ಇದೆ. ರಾಜ್ಯದ ಯಾವ ಊರಿನಲ್ಲಾದರೂ ಕಾಣಬಹುದಾದ ನೋಟ ಇದು. ಅಜ್ಜಿಯ ತೋಳಿನ ಕಲೆ ಸೊಸೆಗೆ ಬೇಕಾಗದೆ ಹೋದದ್ದಕ್ಕೆ ಕಾರಣ, ಅಜ್ಜಿಯ ಕಾಲದವರು ತೋಳು ಕೊಟ್ಟದ್ದು. ಭಾರತದಲ್ಲಿ ಕೊನೆಯ ಸಿಡುಬು ಕಾಣಿಸಿದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಲಸಿಕೆಯ ಲೆಕ್ಕಾಚಾರವೇ ಹೀಗೆ: ಚುಚ್ಚಿಸಿಕೊಳ್ಳುವವರು ಒಬ್ಬರು, ಫಲ ಉಣ್ಣುವವರು ಎಷ್ಟೋ ಸಲ ಇನ್ನೊಬ್ಬರು.

ತೋಳು ತೋರಿಸಿ ಜನರಿಗೆ ಧೈರ್ಯ ಹೇಳುವುದು ಈ ನಾಡಿಗೆ ಹೊಸದೇನಲ್ಲ. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಎಂಟು ವರ್ಷದ ಹುಡುಗನೊಬ್ಬನಿಗೆ ಹಸುವಿನ ಸಿಡುಬಿನ ಕೀವನ್ನು ಹಾಕಿ ನೋಡಿದ್ದು 1796ರಲ್ಲಿ. ಆ ಲಸಿಕೆ ಬಾಗ್ದಾದ್, ಬಸ್ರಾ ದಾರಿಯಾಗಿ ಮುಂಬಯಿ ತಲುಪಿ, 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ಮೇಲೆ ಫಲ ಕೊಟ್ಟಿತು. ಆಗ ಫ್ರಿಜ್ಜು ಎಲ್ಲಿಂದ ಬರಬೇಕು? ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ, ಮನುಷ್ಯರ ಮೈಯಲ್ಲೇ ಅದನ್ನು ಊರಿಂದೂರಿಗೆ ಸಾಗಿಸಬೇಕಿತ್ತು. ಮೂರೇ ವರ್ಷದಲ್ಲಿ, ಅಂದರೆ 1805ರ ಹೊತ್ತಿಗೆ, ಅದು ಮೈಸೂರಿನ ಅರಮನೆ ಹೊಕ್ಕಿತು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಆ ವರ್ಷ ಬರೆದ ಒಂದು ಚಿತ್ರದಲ್ಲಿ ಮೂವರು ರಾಜವಂಶದ ಹೆಂಗಸರಿದ್ದಾರೆ. ಅವರಲ್ಲೊಬ್ಬಳು ಸೀರೆಯ ಸೆರಗನ್ನು ಸರಿಸಿ ತೋಳಿನತ್ತ ಕೈ ಇಟ್ಟಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬಿಡಿಸಿ ಹೇಳಿದ ಮೇಲೆ ಚಿತ್ರದ ಅರ್ಥವೇ ಬದಲಾಯಿತು. ಅರಮನೆಯ ಹೆಣ್ಣುಮಕ್ಕಳು ಪರಪುರುಷನೆದುರು ಕೂರುವುದೇ ಕಷ್ಟವಾಗಿದ್ದ ಕಾಲವದು. ಇಂದಿನ ಜಾಹೀರಾತು ಫಲಕಗಳಿಗೆಲ್ಲ ಆ ಚಿತ್ರ ಮುತ್ತಜ್ಜಿ ಎನ್ನಬಹುದು.

ಸ್ವತಂತ್ರ ಭಾರತದಲ್ಲಿ ಲಸಿಕೆ ಸಾಮಾನ್ಯರ ಹಕ್ಕಾಗಿ ಬೆಳೆದದ್ದು ಹಂತಹಂತವಾಗಿ. 1978ರಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮ ಶುರುವಾಯಿತು. 1985ರಲ್ಲಿ ಅದು ಕ್ರಮೇಣ ಎಲ್ಲ ಜಿಲ್ಲೆಗಳನ್ನೂ ಮುಟ್ಟುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. 1995ರಲ್ಲಿ ಪಲ್ಸ್ ಪೋಲಿಯೋ ಬಂತು. ಬಸ್‌ ನಿಲ್ದಾಣದಲ್ಲಿ, ಜಾತ್ರೆಯಲ್ಲಿ, ರೈಲಿನೊಳಗೂ ಎರಡು ಹನಿ ಹಾಕಿ ಮಗುವಿನ ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚಿದ್ದನ್ನು ಮರೆತವರುಂಟೆ? ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿ 13ರಂದು ಹೌರಾದ ಒಂದು ಹೆಣ್ಣುಮಗುವಿನಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ಸಿಕ್ಕಿತು. ಆ ಬಳಿಕ ಖಾಸಗಿ ಆಸ್ಪತ್ರೆಗಳಲ್ಲಿ ದುಬಾರಿ ಎನಿಸಿದ್ದ, ಭೇದಿ ತಡೆಯುವ ರೋಟಾವೈರಸ್, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಗಳೂ ಒಂದೊಂದಾಗಿ ಅಂಗನವಾಡಿಗೆ ಬಂದವು.

ಈಗ ಕೂಸಿನ ಸರದಿ. ಹುಟ್ಟಿದ ಆಸ್ಪತ್ರೆಯಲ್ಲೇ ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆಮೇಲೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾ ಸೂಜಿ, ಪೋಲಿಯೋ ಮತ್ತು ರೋಟಾ ಹನಿ. ಪೆಂಟಾ ಎಂದರೆ ಐದು: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಜೊತೆಗೆ ನ್ಯುಮೋನಿಯಾ ಮತ್ತು ಮಿದುಳಿನ ಪೊರೆಯ ಸೋಂಕು ತರುವ ಹಿಬ್. ಅಜ್ಜಿಗೆ ಸಿಟ್ಟು ತರಿಸಿದ ಒಂಬತ್ತನೇ ತಿಂಗಳಲ್ಲಿ ದಡಾರ-ರುಬೆಲ್ಲಾ, ಪೋಲಿಯೋ ಸೂಜಿಯ ಮೂರನೇ ಡೋಸು, ನ್ಯುಮೋಕಾಕಲ್‌ನ ಬೂಸ್ಟರ್ ಒಟ್ಟಿಗೆ ಬೀಳುತ್ತವೆ. ಮಂಡ್ಯ, ಕೋಲಾರ, ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಸೊಳ್ಳೆಯಿಂದ ಬರುವ ಜಪಾನೀಸ್ ಮಿದುಳು ಜ್ವರದ ಸೂಜಿಯೂ ಸೇರುತ್ತದೆ. ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಹಾಕಿದರೆ ಮಗುವಿಗೆ ಅಪಾಯವಿಲ್ಲ. ನಾಲ್ಕು ಸಲ ಕೂಲಿ ಬಿಟ್ಟು ಬರುವುದು ತಪ್ಪುತ್ತದೆ ಎಂಬುದು ತಾಯಂದಿರ ಲೆಕ್ಕ.

ರುಬೆಲ್ಲಾದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಮಗುವಿಗೆ ಅದು ಎರಡು ದಿನದ ಜ್ವರ, ಮೈಮೇಲಿನ ಗಂದೆ, ಅಷ್ಟೆ. ಆದರೆ ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಅಂದರೆ ಇವತ್ತು ಅಜ್ಜಿಯ ಮಡಿಲಲ್ಲಿ ಚೀರುತ್ತಿರುವ ಮೊಮ್ಮಗಳಿಗೆ ಬಿದ್ದ ಸೂಜಿ, ಇಪ್ಪತ್ತೈದು ವರ್ಷದ ಮೇಲೆ ಅವಳ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಕಾವಲು. 2017ರ ಫೆಬ್ರುವರಿಯಲ್ಲಿ ಈ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ, ಹುಡುಗರಿಗೂ, ಹಾಕಲಾಯಿತು. ವಾಟ್ಸಾಪಿನಲ್ಲಿ ಇಲ್ಲದ್ದೆಲ್ಲ ಹರಿದಾಡಿತು. ಶಾಲೆಯ ಗೇಟಿಗೆ ಬಂದ ತಂದೆತಾಯಂದಿರಿಗೆ ಉತ್ತರ ಹೇಳಿ ಹೇಳಿ ಆರೋಗ್ಯ ಸಹಾಯಕಿಯರ ಗಂಟಲು ಬಿದ್ದುಹೋಯಿತು.

ಹುಟ್ಟಿದ ದಿನದ ಹೆಪಟೈಟಿಸ್ ಬಿ ಸೂಜಿಯೂ ಇಂಥದ್ದೇ ದೂರದ ಲೆಕ್ಕ. ತಾಯಿಯಿಂದ ಕೂಸಿಗೆ ದಾಟುವ ಆ ವೈರಾಣು ಯಕೃತ್ತಿನಲ್ಲಿ ದಶಕಗಟ್ಟಲೆ ಸದ್ದಿಲ್ಲದೆ ಕೂತು, ನಲವತ್ತು ಐವತ್ತರ ವಯಸ್ಸಿನಲ್ಲಿ ಕ್ಯಾನ್ಸರ್ ಆಗಿ ಎದ್ದೇಳಬಲ್ಲದು. ಅಂಥ ರೋಗಕ್ಕೆ ಮದ್ದು ಹೆರಿಗೆ ವಾರ್ಡಿನಲ್ಲೇ ಬೀಳುತ್ತದೆ.

ಸಿಸ್ಟರ್ ಪೆಟ್ಟಿಗೆಯೊಳಗೂ ಒಮ್ಮೆ ಇಣುಕಬೇಕು. ಅದರಲ್ಲಿ ನಾಲ್ಕು ಐಸ್‌ಪ್ಯಾಕುಗಳಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಡುವ ಮುನ್ನ ಅವನ್ನು ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಗುಳುಗುಳು ಎಂದ ಮೇಲೆಯೇ ಪೆಟ್ಟಿಗೆಗೆ ಇಡುವುದು. ಲಸಿಕೆಗೆ ಸೆಖೆ ಮಾತ್ರ ಶತ್ರು ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಪೋಲಿಯೋ ಹನಿ ಬಿಸಿಗೆ ಕೆಡುತ್ತದೆ, ಪೆಂಟಾ ಹೆಪ್ಪುಗಟ್ಟಿದರೆ ಕೆಡುತ್ತದೆ. ಎರಡನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಕಾಪಾಡಬೇಕು. ಬಾಟಲಿಯ ಮೇಲೊಂದು ಪುಟ್ಟ ವೃತ್ತ, ಅದರ ನಡುವೆ ತಿಳಿಬಣ್ಣದ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಗಾಢವಾಗುತ್ತ ಹೋಗುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಅದು ಸರಿಸಮನಾಯಿತೋ, ಬಾಟಲಿ ಕಸಕ್ಕೆ. ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ; ದ್ರಾವಣ ಬೆರೆಸಿದ ಮೇಲೆ ನಾಲ್ಕೇ ಗಂಟೆ ಆಯುಸ್ಸು. ಆದ್ದರಿಂದ ಬೆರೆಸಿದ ಹೊತ್ತನ್ನು ಸಿಸ್ಟರ್ ಬಾಟಲಿಯ ಮೇಲೆ ಬರೆದಿಡುತ್ತಾರೆ. "ಬೇಗ ಬನ್ರೀ" ಎಂದು ಆಶಾ ಕಾರ್ಯಕರ್ತೆ ಮನೆ ಮನೆಗೆ ಫೋನು ಮಾಡುವುದರ ಗುಟ್ಟು ಅದೇ.

ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಪೆಂಟಾಕ್ಕೆ ಜ್ವರ ಬರುವುದುಂಟು, ಪ್ಯಾರಾಸಿಟಮಾಲ್ ಹನಿ ಸಾಕು. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಯಾವುದೂ ಬೇಡ. ಸಣ್ಣ ನೆಗಡಿ ಇದೆಯೆಂದು ಸೂಜಿ ಮುಂದೂಡುವುದೂ ಬೇಡ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ದೇಶದಲ್ಲಿ ಶೇ. 76.4, ಕರ್ನಾಟಕದಲ್ಲಿ ಶೇ. 84.1. ಹೆಮ್ಮೆಪಡುವಂಥ ಅಂಕಿಯೇ. ಸಮಸ್ಯೆ ಶುರುವಾಗುವುದು ಆಮೇಲೆ. ಮಗು ಓಡಾಡತೊಡಗುತ್ತದೆ, ಸೂಜಿ ಕಂಡರೆ ಮನೆಯ ಹಿತ್ತಿಲಿಗೆ ಓಡುವಷ್ಟು ಬುದ್ಧಿವಂತವಾಗುತ್ತದೆ, ಲಸಿಕೆಯ ದಿನಾಂಕ ಬರೆಯುವ ‘ತಾಯಿ ಕಾರ್ಡು’ ಬೀರುವಿನ ಬಟ್ಟೆಯಡಿ ಸೇರುತ್ತದೆ. ಒಂದೂವರೆ ವರ್ಷದ ಬೂಸ್ಟರ್ ಹೇಗೋ ಆಗುತ್ತದೆ. ಐದರಿಂದ ಆರು ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು), ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ ಎಂಬ ಮೂರು ಸಾಲುಗಳು ಎಷ್ಟೋ ಕಾರ್ಡುಗಳಲ್ಲಿ ಖಾಲಿ. ಟಿಡಿ ಎಂದರೆ ಹಳೆಯ ಟಿಟಿಯ ಜಾಗಕ್ಕೆ ಬಂದ ಸೂಜಿ. ಧನುರ್ವಾಯುವಿನ ಜೊತೆ ಗಂಟಲುಮಾರಿಗೂ ಕಾಪು.

ಖಾಲಿ ಸಾಲಿನ ಬೆಲೆ ಉತ್ತರ ಕರ್ನಾಟಕಕ್ಕೆ ಗೊತ್ತು. ಮರೆತೇಹೋಯಿತೆಂದುಕೊಂಡಿದ್ದ ಗಂಟಲುಮಾರಿ ಕಳೆದ ದಶಕದಲ್ಲಿ ವಿಜಯಪುರ ಸೀಮೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿತು. ಹಿಂದೆ ಅದು ಪುಟ್ಟ ಮಕ್ಕಳ ರೋಗವಾಗಿತ್ತು. ಈಗ ದೇಶದ ಬಹುಕಡೆ ಅದರ ಬಲೆಗೆ ಬೀಳುತ್ತಿರುವವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ ವಯಸ್ಸಿನವರು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ನಿಲ್ಲಿಸುವ, ಅದರ ವಿಷದಿಂದ ಹೃದಯವನ್ನೇ ಹಿಡಿಯುವ ರೋಗಕ್ಕೆ, ಪುಕ್ಕಟೆ ಸಿಗುವ ಬೂಸ್ಟರನ್ನು ಮರೆತು ದಾರಿ ಬಿಡುವುದು ಬೇಸರದ ಸಂಗತಿ.

ಹದಿನಾರು ದಾಟಿದ ಮೇಲೆ ಉಚಿತ ಪಟ್ಟಿ ತೆಳ್ಳಗಾಗುತ್ತದೆ. ಬಸುರಿಗೆ ಎರಡು ಟಿಡಿ ಉಂಟು. ನಾಲ್ಕು ವಾರದ ಅಂತರ. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷ ಕಳೆದಿರದಿದ್ದರೆ ಒಂದೇ ಸಾಕು. ತಾಯಿಯ ರಕ್ತದಲ್ಲಿ ಹುಟ್ಟಿದ ಪ್ರತಿರೋಧ ಹೊಕ್ಕುಳಬಳ್ಳಿಯ ಮೂಲಕ ಕೂಸಿಗಿಳಿಯುತ್ತದೆ. ಆ ಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಧನುರ್ವಾಯುವಿಗೆ ಕೂಸುಗಳನ್ನು ಕಳೆದುಕೊಳ್ಳುತ್ತಿದ್ದ ದೇಶ, 2015ರಲ್ಲಿ ಬಾಣಂತಿ ಮತ್ತು ನವಜಾತರ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಪಟ್ಟಿಗೆ ಸೇರಿತು.

ನಾಯಿ ಕಚ್ಚಿದರೆ ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ವಯಸ್ಸಿನವರಿಗೂ ಉಚಿತ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಮಾತ್ರ ಇನ್ನೂ ಹೋಗಿಲ್ಲ. ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೇ ನಿಂತಿತು. ಈಗಿನದು ತೋಳಿಗೆ ಹಾಕುವ, ನಾಲ್ಕೈದು ಭೇಟಿಯಲ್ಲಿ ಮುಗಿಯುವ ಸೂಜಿ. ಅದಕ್ಕೂ ಮೊದಲು ಗಾಯವನ್ನು ಹದಿನೈದು ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆಯಬೇಕು.

ಮಲೆನಾಡಿನವರಿಗೆ ದೊಡ್ಡವರ ಲಸಿಕೆಯ ಅನುಭವ ಬೇರೆಯೇ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಗೆ, ಬಾಧಿತ ಹಳ್ಳಿಗಳಲ್ಲಿ ಮಕ್ಕಳಿಂದ ಹಿಡಿದು ಅರವತ್ತೈದರವರೆಗಿನವರಿಗೆ ಉಚಿತವಾಗಿ ಸೂಜಿ ಹಾಕುತ್ತಿದ್ದರು. ವರ್ಷ ವರ್ಷ ಬೂಸ್ಟರ್ ಬೇಕಿತ್ತು, ತೋಳು ವಿಪರೀತ ನೋಯುತ್ತಿತ್ತು, ಜನ ತಪ್ಪಿಸಿಕೊಳ್ಳುತ್ತಿದ್ದರು. ಅದರ ರಕ್ಷಣೆ ಸಾಲದೆಂದು ಕಂಡುಬಂದು 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಕೆಲಸ ಮಾಡದ ಲಸಿಕೆಯನ್ನು ಕೈಬಿಡುವುದೂ ಲಸಿಕಾ ಶಾಸ್ತ್ರದ ಭಾಗವೇ.

ಅರವತ್ತು ದಾಟಿದವರಿಗೆ ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳು ನಮ್ಮ ಸಾರ್ವತ್ರಿಕ ಕಾರ್ಯಕ್ರಮದಲ್ಲಿಲ್ಲ. ಬೇಕೆಂದರೆ ದುಡ್ಡು ಕೊಡಬೇಕು. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಬಸುರಿಗೆ ನಾಯಿಕೆಮ್ಮಿನ ಲಸಿಕೆ, ಶಾಲಾಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ, ಅರವತ್ತೈದಕ್ಕೆ ಫ್ಲೂ ಮತ್ತು ನ್ಯುಮೋಕಾಕಲ್ ಸೂಜಿ, ಎಪ್ಪತ್ತೈದಕ್ಕೆ ಶ್ವಾಸಕೋಶದ ಸೋಂಕು ತಡೆಯುವ ಆರ್‌ಎಸ್‌ವಿ ಸೂಜಿ ಎಲ್ಲವೂ ಸರ್ಕಾರದ ಖರ್ಚಿನಲ್ಲಿ. ಇಲ್ಲಿ ಕೋವಿಡ್ ಕಾಲದಲ್ಲಿ ಎಂಬತ್ತರ ಅಜ್ಜಂದಿರೂ ಶಾಲೆಯ ಕೊಠಡಿಗಳಲ್ಲಿ ಸಾಲುಗಟ್ಟಿ ಸೂಜಿ ಹಾಕಿಸಿಕೊಂಡರು. ದೊಡ್ಡವರಿಗೆ ಲಸಿಕೆ ಮುಟ್ಟಿಸುವುದು ನಮ್ಮ ವ್ಯವಸ್ಥೆಗೆ ಆಗದ ಕೆಲಸವಲ್ಲ ಎಂಬುದಂತೂ ಆಗ ರುಜುವಾತಾಯಿತು. ಎಚ್‌ಪಿವಿ ಲಸಿಕೆಯನ್ನು ಸಿಕ್ಕಿಂ 2018ರಲ್ಲೇ ತನ್ನ ಹುಡುಗಿಯರಿಗೆ ಹಾಕಿಸಿತ್ತು. 2024ರ ಮಧ್ಯಂತರ ಬಜೆಟ್ಟಿನಲ್ಲಿ ಕೇಂದ್ರವೂ ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಅದನ್ನು ಉತ್ತೇಜಿಸುವುದಾಗಿ ಹೇಳಿತು. ಆ ವಯಸ್ಸಿನ ಮಗಳಿರುವ ಮನೆಯವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಇದನ್ನು ಓದಿ ಮುಗಿಸಿದ ಮೇಲೆ ಬೀರು ತೆಗೆದು ತಾಯಿ ಕಾರ್ಡು ಹುಡುಕಿ. ಐದು, ಹತ್ತು, ಹದಿನಾರರ ಸಾಲುಗಳಲ್ಲಿ ದಿನಾಂಕ ಇದೆಯೇ ನೋಡಿ. ಡೋಸು ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಕೆಲವಕ್ಕೆ ಗಡುವಿದೆ: ಬಿಸಿಜಿ ಒಂದು ವರ್ಷದೊಳಗೆ, ದಡಾರ-ರುಬೆಲ್ಲಾ ಐದರೊಳಗೆ, ಡಿಪಿಟಿ ಏಳರೊಳಗೆ. ಕಾರ್ಡು ಸಿಗದಿದ್ದರೂ ಮುಂದಿನ ಲಸಿಕೆ ದಿನ ಮಗುವನ್ನು ಕರೆದುಕೊಂಡು ಹೋಗಿ. ಸಿಸ್ಟರ್ ಹೊಸದೊಂದು ಬರೆದುಕೊಡುತ್ತಾರೆ.